ಕಡಿದಷ್ಟೂ ಚಿಗುರುವ ಲಂಟಾನ: ಬೇರಿನ ಗಂಟು, ಮಣ್ಣೊಳಗಿನ ಬೀಜ, ಬರಿದಾದ ನೆಲ

ಪ್ರಶ್ನೆ: ಹತ್ತು ಹನ್ನೆರಡು ಜನ ಸೇರಿ ಕಾಡಂಚಿನ ಮೂರು ಎಕರೆ ಕುರುಚಲು ನೆಲದಲ್ಲಿದ್ದ ಲಂಟಾನವನ್ನು ಎರಡು ವರ್ಷದ ಹಿಂದೆ ತೆಗೆಸಿದೆವು. ಒಂದು ಭಾಗಕ್ಕೆ ಜೆಸಿಬಿ ಬಿಟ್ಟೆವು, ಉಳಿದದ್ದನ್ನು ಮಚ್ಚಿನಿಂದ ಕಡಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಡಿದ ಕಡೆ ಮೊದಲಿಗಿಂತ ದಟ್ಟವಾಗಿದೆ. ಜೆಸಿಬಿ ಓಡಾಡಿದ ಕಡೆ ಲಂಟಾನದ ಸಸಿಗಳ ಜೊತೆ ಪಾರ್ಥೇನಿಯಂ ತುಂಬಿದೆ. ಈಗ ಕೆಲವರು "ಯಾವುದಾದರೇನು, ಹಸಿರು ಹಸಿರೇ, ಚಿಟ್ಟೆಗಳೂ ಬರುತ್ತವೆ, ಬಿಟ್ಟುಬಿಡಿ" ಅನ್ನುತ್ತಿದ್ದಾರೆ. ಇಂಥ ಗಿಡಗಳಿಂದ ಜೀವವೈವಿಧ್ಯಕ್ಕೆ ನಿಜವಾಗಿ ಅಷ್ಟು ಹಾನಿ ಇದೆಯೇ? ಇದ್ದರೆ, ಮತ್ತೆ ಬಾರದಂತೆ ತೆಗೆಯುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಕಡಿದ ಕಡೆ ಹಳೆಯ ಬುಡಗಳೇ ಚಿಗುರಿದವು, ಜೆಸಿಬಿ ಓಡಿದ ಕಡೆ ಬೀಜಗಳು ಮೊಳೆತವು. ಇವು ಎರಡು ಬೇರೆ ತಪ್ಪುಗಳು. ಆದರೆ ಎರಡೂ ಕಡೆ ಒಂದು ಕೊರತೆ ಸಮಾನವಾಗಿತ್ತು: ಲಂಟಾನ ತೆಗೆಯುವುದು ಹೇಗೆಂದು ಯೋಚಿಸಿದ್ದಿರಿ, ತೆಗೆದ ನೆಲದಲ್ಲಿ ಏನು ಬೆಳೆಯಬೇಕು ಎಂದು ಯೋಚಿಸಿರಲಿಲ್ಲ. ಬರಿದಾದ ನೆಲ ಒಂದೇ ಮಳೆಗೆ ತುಂಬುತ್ತದೆ. ಅದನ್ನು ತುಂಬಲು ಮೊದಲು ಬರುವುದು ಬೇಗ ಮೊಳೆಯುವ, ಬೇಗ ಹೂ ಬಿಡುವ ಕಳೆ.

ಕೆಲಸಕ್ಕೆ ಇಳಿಯುವ ಮುನ್ನ "ಹಸಿರು ಹಸಿರೇ" ಎಂಬ ಮಾತನ್ನು ನೋಡೋಣ, ಏಕೆಂದರೆ ಮುಂದಿನ ಐದು ವರ್ಷದ ಶ್ರಮ ನಿಂತಿರುವುದು ಅದರ ಉತ್ತರದ ಮೇಲೆ. ಹೊರಗಿನಿಂದ ಬಂದ ಗಿಡವೆಲ್ಲ ಶತ್ರುವಲ್ಲ. ಜೀವವೈವಿಧ್ಯದ ಅಂತರಸರ್ಕಾರಿ ವಿಜ್ಞಾನ ವೇದಿಕೆಯಾದ ಐಪಿಬಿಇಎಸ್ 2023ರಲ್ಲಿ ಹೊರತಂದ ವರದಿಯ ಪ್ರಕಾರ, ಮನುಷ್ಯರಿಂದ ಹೊಸ ಜಾಗ ಸೇರಿ ನೆಲೆಯಾದ ಜೀವಿಗಳು ಪ್ರಪಂಚದಾದ್ಯಂತ 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕರ, ಅಂದರೆ ಆಕ್ರಮಣಕಾರಿ, ಎಂದು ದಾಖಲಾದವು 3,500ಕ್ಕೂ ಹೆಚ್ಚು. ಗಿಡಗಳನ್ನಷ್ಟೇ ತೆಗೆದುಕೊಂಡರೆ ನೆಲೆಯಾದವುಗಳಲ್ಲಿ ಸುಮಾರು ಶೇ 6 ಮಾತ್ರ ಆಕ್ರಮಣಕಾರಿ. ಆದರೆ ಆ ಸಣ್ಣ ಪಾಲು ಮಾಡುವ ಕೆಲಸ ಸಣ್ಣದಲ್ಲ: ದಾಖಲಾದ ಜೀವಿನಾಶಗಳಲ್ಲಿ ಶೇ 60ರಲ್ಲಿ ಆಕ್ರಮಣಕಾರಿ ಜೀವಿಗಳ ಪಾತ್ರವಿದೆ ಎನ್ನುತ್ತದೆ ಅದೇ ವರದಿ. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಆ ನಾಶಗಳಲ್ಲಿ ಹೆಚ್ಚಿನವು ದ್ವೀಪಗಳಲ್ಲಿ ಆದವು, ಮತ್ತು ಇಲಿ, ಬೆಕ್ಕಿನಂಥ ಪ್ರಾಣಿಗಳ ಪಾಲು ಅದರಲ್ಲಿ ದೊಡ್ಡದು. ಗಿಡಗಳ ಹಾನಿ ನಿಧಾನವಾದದ್ದು. ಆದ್ದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲ.

ಲಂಟಾನ ತುಂಬಿದ ಕಾಡಿನಲ್ಲಿ ತಲೆಯೆತ್ತಿ ನೋಡಿದರೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ದೊಡ್ಡ ಮರಗಳು ಹಾಗೇ ಇರುತ್ತವೆ. ಬಗ್ಗಿ ನೋಡಿದರೆ ಅವುಗಳ ಸಸಿಗಳಿಲ್ಲ. ಎರಡು ಮೀಟರ್ ಎತ್ತರದ ಪೊದೆ ನೆಲಕ್ಕೆ ಬೆಳಕು ಬಿಡುವುದಿಲ್ಲ. ಬಿದ್ದ ಬೀಜ ಮೊಳೆತರೂ ಕೈಯಗಲ ಬೆಳೆದು ಸಾಯುತ್ತದೆ. ನೂರು ವರ್ಷ ಬದುಕುವ ಮರದ ಜಾತಿಯೊಂದು ಮೂವತ್ತು ವರ್ಷ ಮರಿ ಹಾಕದಿದ್ದರೂ ನಾವು ಅದನ್ನು "ಇದೆ" ಎಂದೇ ಲೆಕ್ಕ ಹಾಕುತ್ತೇವೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಒಂದೇ ಜಾಗಗಳನ್ನು 1997ರಲ್ಲಿ ಮತ್ತು 2008ರಲ್ಲಿ ಅಳೆದಾಗ ಲಂಟಾನ ಕಂಡ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು, ಅದರ ಸಾಂದ್ರತೆ ಇನ್ನೂ ಹೆಚ್ಚಾಗಿತ್ತು. ಹನ್ನೊಂದು ವರ್ಷ ಕಾಡಿನ ಆಯುಷ್ಯದಲ್ಲಿ ಏನೂ ಅಲ್ಲ.

ಹುಲ್ಲಿನ ಕಥೆ ಇನ್ನೂ ಬೇಗ ಮುಗಿಯುತ್ತದೆ. ಹುಲ್ಲಿಗೆ ಬಿಸಿಲು ಬೇಕೇ ಬೇಕು, ನೆರಳು ಬಿದ್ದ ಎರಡು ಮೂರು ವರ್ಷದಲ್ಲಿ ಅದರ ಬುಡಗಳೇ ಸಾಯುತ್ತವೆ. ಹುಲ್ಲು ಹೋದರೆ ಅದನ್ನು ಮೇಯುವ ಜಿಂಕೆ, ಕಾಟಿಗಳಿಗೆ ಆ ಜಾಗ ಖಾಲಿ ಗೋಡೌನ್ ಇದ್ದಂತೆ. ಲಂಟಾನದ ಎಲೆಯಲ್ಲಿರುವ ಲಾಂಟಡೀನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ. ತಿಂದ ದನಕ್ಕೆ ಕಾಮಾಲೆ ಬರುತ್ತದೆ, ಬಿಸಿಲು ಬಿದ್ದ ಚರ್ಮ ಊದಿ ಸುಲಿಯುತ್ತದೆ. ಕಡಿದ ಸೊಪ್ಪನ್ನು ದನ ಓಡಾಡುವ ಕಡೆ ಬಿಡಬೇಡಿ ಎಂದು ಹೇಳುವುದು ಇದಕ್ಕೇ.

ಚಿಟ್ಟೆಯ ವಿಷಯ. ಅವು ಬರುವುದು ನಿಜ, ಮಕರಂದಕ್ಕೆ ಬರುತ್ತವೆ. ಆದರೆ ಬಹುತೇಕ ಚಿಟ್ಟೆಗಳ ಮರಿಹುಳು ತನಗೆ ಒಗ್ಗಿದ ಒಂದೆರಡು ಜಾತಿಯ ಎಲೆಗಳನ್ನಷ್ಟೇ ತಿನ್ನುತ್ತದೆ, ಆ ಪಟ್ಟಿಯಲ್ಲಿ ಲಂಟಾನ ಇಲ್ಲ. ಮೊಟ್ಟೆಯಿಡಲು ಬೇಕಾದ ಗಿಡ ಪೊದೆಯ ಅಡಿಯಲ್ಲಿ ಸತ್ತಿದ್ದರೆ, ಹೂವಿನ ಮೇಲೆ ಈ ವರ್ಷ ಕಂಡ ಚಿಟ್ಟೆಯ ಸಂತತಿ ಮುಂದಿನ ವರ್ಷ ಅಲ್ಲಿ ಇರುವುದಿಲ್ಲ. ಹೀಗಿದ್ದರೂ ನಿಮ್ಮ ಸ್ನೇಹಿತರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಬಿಟ್ಟುಕೊಡಬಾರದು. ಪೊದೆಯಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ, ಸಣ್ಣ ಪ್ರಾಣಿಗಳು ಅಡಗುತ್ತವೆ. ಮೂರು ಎಕರೆಯನ್ನೂ ಒಂದೇ ವಾರದಲ್ಲಿ ಬೋಳಿಸಿದರೆ ಅವಕ್ಕೆ ಹೋಗಲು ಜಾಗವಿಲ್ಲ. ಕಂತು ಕಂತಾಗಿ ತೆಗೆಯಲು ಇದೂ ಒಂದು ಕಾರಣ.

ಇನ್ನು ಬೆಂಕಿ. ಕಾಡಿನ ನೆಲದ ತರಗೆಲೆ ಉರಿದರೆ ಜ್ವಾಲೆ ಮೊಣಕಾಲೆತ್ತರ ಇರುತ್ತದೆ, ದಪ್ಪ ತೊಗಟೆಯ ಮರಗಳು ತಡೆದುಕೊಳ್ಳುತ್ತವೆ. ಲಂಟಾನದ ಒಣ ಕಡ್ಡಿಗಳ ಗೊಂಚಲು ಅದೇ ಬೆಂಕಿಗೆ ಏಣಿಯಾಗುತ್ತದೆ, ಉರಿ ಮರದ ತಲೆಗೆ ಹತ್ತುತ್ತದೆ. ಮರ ಸತ್ತು ಬೆಳಕು ಬಿದ್ದ ಜಾಗದಲ್ಲಿ ಮತ್ತೆ ಮೊದಲು ಚಿಗುರುವುದು ಲಂಟಾನ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಆರಂಭದಲ್ಲಿ ಹಾಕುತ್ತಿದ್ದ 'ತರಗು ಬೆಂಕಿ' ತೆಳುವಾದ ನೆಲದ ಬೆಂಕಿ. ಅದು ನಿಂತ ಮೇಲೆ ಲಂಟಾನ ಹೆಚ್ಚಿತು ಎಂಬುದು ಅವರ ಅನುಭವ, ಅದನ್ನು ಪರಿಸರ ವಿಜ್ಞಾನಿಗಳೂ ಗಂಭೀರವಾಗಿ ದಾಖಲಿಸಿದ್ದಾರೆ. ಆದರೆ ಈಗಾಗಲೇ ಪೊದೆ ದಟ್ಟವಾಗಿರುವ ಕಡೆ ಬೆಂಕಿ ಇಡುವುದು ಬೇರೆಯೇ ಮಾತು: ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ದಯವಿಟ್ಟು ಆ ಪ್ರಯೋಗ ಮಾಡಬೇಡಿ. ಇದು ಒಂದೇ ಗಿಡದ ಗುಣವೂ ಅಲ್ಲ. ಹವಾಯಿಯಲ್ಲಿ ಪಾಳುಬಿದ್ದ ತೋಟಗಳಲ್ಲಿ ಹಬ್ಬಿದ ಆಫ್ರಿಕಾ ಮೂಲದ ಗಿನಿ ಹುಲ್ಲು 2023ರ ಆಗಸ್ಟ್‌ನಲ್ಲಿ ಮಾವಿ ದ್ವೀಪದ ಬೆಂಕಿಗೆ ಇಂಧನವಾಯಿತು.

ಈಗ ಗಿಡ ಏಕೆ ಮರಳಿತು ಎಂಬುದಕ್ಕೆ. ಲಂಟಾನದ ಚಿಗುರು ಶಕ್ತಿ ಇರುವುದು ಕಾಂಡವೂ ಬೇರೂ ಸೇರುವ ಗಂಟಿನಲ್ಲಿ. ಮಣ್ಣಿನ ಮಟ್ಟದ ಆಸುಪಾಸಿನಲ್ಲಿರುವ ಆ ಗಂಟಿನ ಸುತ್ತ ಮಲಗಿದ ಮೊಗ್ಗುಗಳಿರುತ್ತವೆ. ಮಚ್ಚು ಬೀಳುವುದು ನೆಲಕ್ಕಿಂತ ಒಂದು ಗೇಣು ಮೇಲೆ. ಅಲ್ಲಿಗೆ ಒಂದು ಕಾಂಡ ಹೋಗುತ್ತದೆ, ಗಂಟಿನ ಮೊಗ್ಗುಗಳೆಲ್ಲ ಎಚ್ಚರಾಗಿ ಐದಾರು ಕಾಂಡ ಬರುತ್ತವೆ. ಕಡಿದಷ್ಟೂ ದಟ್ಟವಾಗುವುದು ಹೀಗೆ. ಆ ಗಂಟಿಗಿಂತ ಕೆಳಗಿನ ಬೇರಿಗೆ ಚಿಗುರುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಗೆಲ್ಲಲು ಇರುವ ದಾರಿ ಇದೇ.

ಈ ತಿಳಿವಳಿಕೆಯ ಮೇಲೆ ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬೇರು ಕತ್ತರಿಸುವ ವಿಧಾನವೊಂದನ್ನು ರೂಪಿಸಿ 2009ರಲ್ಲಿ ಪ್ರಕಟಿಸಿದರು. ಗಿಡದ ಮುಖ್ಯ ಬೇರನ್ನು ಮಣ್ಣಿನ ಮೇಲ್ಮೈಯಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ, ಅಂದರೆ ಗಂಟಿನ ಅಡಿಯಲ್ಲಿ, ಕತ್ತರಿಸುವುದು. ಬುಡ ಸಮೇತ ಎತ್ತಿ ತಲೆಕೆಳಗಾಗಿ ಇಟ್ಟು ಒಣಗಿಸುವುದು. ಅಷ್ಟೇ. ಬೇರೆಲ್ಲ ಅಗೆಯಬೇಕಿಲ್ಲ, ಆದ್ದರಿಂದ ಮಣ್ಣು ಅಲುಗುವುದೂ ಕಡಿಮೆ.

ಮಾಡುವಾಗ ಗಮನಿಸಬೇಕಾದದ್ದು ಹೀಗಿದೆ. ನೆಲ ಹಸಿಯಾಗಿದ್ದು ಕೆಸರಾಗಿರದ ದಿನಗಳನ್ನು ಆರಿಸಿ. ಒಣ ನೆಲದಲ್ಲಿ ಗುದ್ದಲಿ 5 ಸೆಂಟಿಮೀಟರ್ ಇಳಿಯುವುದಿಲ್ಲ, ಸುಸ್ತಾದ ಕೈ ಗಂಟಿನ ಮೇಲೆಯೇ ಕಡಿಯುತ್ತದೆ. ಕಾಯಿ ಹಸಿರಿರುವಾಗಲೇ ಮುಗಿಸಬೇಕು. ಕಪ್ಪಾದ ಮೇಲೆ ಪೊದೆ ಎಳೆದಾಡಿದರೆ ನೀವೇ ಬಿತ್ತನೆ ಮಾಡಿದಂತೆ. ಮೊದಲು ಪೊದೆಯ ಹೊರಗಿನ ಕೊಂಬೆಗಳನ್ನು ಮಚ್ಚಿನಿಂದ ಸವರಿ, ದಪ್ಪ ಕಾಂಡವನ್ನು ಸೊಂಟದೆತ್ತರ ಉಳಿಸಿಕೊಳ್ಳಿ. ಅದು ಮುಂದೆ ಹಿಡಿಕೆಯಾಗುತ್ತದೆ. ಬುಡದ ಸುತ್ತ ಒಂದು ಬೊಗಸೆ ಮಣ್ಣು ಸರಿಸಿ ಗಂಟು ಕಾಣುವಂತೆ ಮಾಡಿ. ಒಬ್ಬರು ಹಿಡಿಕೆಯನ್ನು ಒಂದು ಪಕ್ಕಕ್ಕೆ ಬಗ್ಗಿಸಿ ಹಿಡಿದರೆ ಇನ್ನೊಬ್ಬರು ಎದುರು ಪಕ್ಕದಿಂದ ಉದ್ದ ಹಿಡಿಯ ಗುದ್ದಲಿಯಿಂದ ಗಂಟಿನ ಕೆಳಗೆ ಓರೆಯಾಗಿ ಹೊಡೆಯಬೇಕು. ಬುಡ ಹೊರಬಂದಾಗ ಒಮ್ಮೆ ತಿರುಗಿಸಿ ನೋಡಿ: ಉಬ್ಬಿದ ಗಂಟು ಪೂರ್ತಿ ಕೈಗೆ ಬಂದಿರಬೇಕು, ಅದರ ಕೆಳಗೆ ಬೇರಿನ ಸಣ್ಣ ತುಂಡು ಅಂಟಿಕೊಂಡಿದ್ದರೆ ಕಡಿತ ಸರಿ. ಗಂಟು ಸೀಳಿ ಅರ್ಧ ನೆಲದಲ್ಲಿ ಉಳಿದಿದ್ದರೆ ಅಲ್ಲೇ ಹಾರೆ ಹಾಕಿ ತೆಗೆಯಿರಿ, ಬಿಟ್ಟರೆ ಒಂದೂವರೆ ತಿಂಗಳಲ್ಲಿ ಚಿಗುರು ಕಾಣುತ್ತದೆ.

ಬೆರಳಿಗಿಂತ ತೆಳುವಾದ ಸಸಿಗಳಿಗೆ ಗುದ್ದಲಿ ಬೇಡ. ಮಳೆ ಬಿದ್ದ ಮರುದಿನ ಬುಡ ಹಿಡಿದು ತುಸು ತಿರುಚಿ ಎಳೆದರೆ ಬೇರು ಸಮೇತ ಬರುತ್ತದೆ.

ನೆಲಕ್ಕೆ ಒರಗಿದ ಕೊಂಬೆಗಳನ್ನು ಮರೆಯಬೇಡಿ. ಲಂಟಾನದ ಕೊಂಬೆ ಹಸಿ ಮಣ್ಣಿಗೆ ತಾಗಿ ಮಲಗಿದರೆ ತಾಗಿದಲ್ಲೇ ಬೇರು ಬಿಡುತ್ತದೆ. ತಾಯಿಗಿಡ ತೆಗೆದರೂ ಎರಡು ಮೀಟರ್ ಆಚೆ ಅಂಥ ಮಗುವೊಂದು ಉಳಿದಿರುತ್ತದೆ. ತೆಗೆದ ಗಿಡಗಳನ್ನು ಬಂಡೆಯ ಮೇಲೆ ಅಥವಾ ಈಗಾಗಲೇ ಒಣಗಿದ ರಾಶಿಯ ಮೇಲೆ ಬೇರು ಆಕಾಶಕ್ಕೆ ಮುಖ ಮಾಡುವಂತೆ ಇಡಿ. ಮರದ ಬುಡದಲ್ಲಿ ರಾಶಿ ಹಾಕಬೇಡಿ, ಬೇಸಿಗೆಯಲ್ಲಿ ಕಿಡಿ ಬಿದ್ದರೆ ಮರವೂ ಹೋಗುತ್ತದೆ. ಕಾಯಿ ಇರುವ ಕೊಂಬೆಯನ್ನು ಬೇಲಿಗೆ ಒಯ್ಯಬೇಡಿ.

ಜೆಸಿಬಿಯ ಭಾಗದಲ್ಲಿ ಏನಾಯಿತು ಎಂದರೆ, ಯಂತ್ರ ಗಂಟುಗಳನ್ನು ಒಡೆದು ಮಣ್ಣಿನೊಳಗೆ ಹೂತಿತು, ಆಳದಲ್ಲಿ ಮಲಗಿದ್ದ ಬೀಜವನ್ನು ಮೇಲಕ್ಕೆ ತಂದಿತು, ಅಲ್ಲಿ ಉಳಿದಿದ್ದ ಹುಲ್ಲಿನ ಬುಡ, ಸ್ಥಳೀಯ ಸಸಿಗಳನ್ನು ಕಿತ್ತಿತು. ಪಾರ್ಥೇನಿಯಂ ಬೀಜ ಚಕ್ರದ ಮಣ್ಣಿನಲ್ಲೇ ಬಂದಿರುವ ಸಾಧ್ಯತೆ ಹೆಚ್ಚು. ಯಂತ್ರ ತರಲೇಬೇಕಾದ ಸಂದರ್ಭ ಬಂದರೆ ಬಕೆಟ್, ಚಕ್ರ, ಅಡಿಭಾಗದ ಮಣ್ಣನ್ನು ಹೊರಗಡೆಯೇ ಕೆರೆದು ತೊಳೆಸಿ. ಕೆಲಸದವರ ಬೂಟುಗಳಿಗೂ ಇದೇ ನಿಯಮ. ಆದರೆ ಜೀವಂತ ಸ್ಥಳೀಯ ಗಿಡಗಳು ಇನ್ನೂ ಉಳಿದಿರುವ ನೆಲಕ್ಕೆ ಯಂತ್ರ ಬೇಡವೇ ಬೇಡ ಎಂಬುದು ನನ್ನ ಸ್ಪಷ್ಟ ಸಲಹೆ.

ಎಲ್ಲಿಂದ ಶುರು ಮಾಡಬೇಕು? ಎಲ್ಲರೂ ಹೋಗುವುದು ಅತಿ ದಟ್ಟ ಪೊದೆಯ ಕಡೆಗೆ, ಏಕೆಂದರೆ ಅದು ಕಣ್ಣಿಗೆ ರಾಚುತ್ತದೆ. ಮಾಡಬೇಕಾದದ್ದು ಇದರ ವಿರುದ್ಧ. ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ ಸಹೋದರಿಯರು 1960ರ ದಶಕದಿಂದ ತಮ್ಮ ಸುತ್ತಲಿನ ಕುರುಚಲು ಕಾಡಿನಲ್ಲಿ ಕೈಯಿಂದ ಕಳೆ ತೆಗೆಯುತ್ತ ಕಂಡುಕೊಂಡ ಕ್ರಮ ಮೂರು ಮಾತಿನದು: ಚೆನ್ನಾಗಿರುವ ಜಾಗದಿಂದ ಕೆಟ್ಟ ಜಾಗದ ಕಡೆ ಸಾಗು, ಮಣ್ಣನ್ನು ಆದಷ್ಟು ಕಡಿಮೆ ಕದಡು, ಸ್ಥಳೀಯ ಗಿಡಗಳು ಮರಳುವ ವೇಗಕ್ಕಿಂತ ಮುಂದೆ ಓಡಬೇಡ. ಕಾರಣ ಸರಳ. ಚೆನ್ನಾಗಿರುವ ಜಾಗದಲ್ಲಿ ತೆಗೆದ ಗಿಡದ ಸ್ಥಳವನ್ನು ಪಕ್ಕದ ಹುಲ್ಲು, ಪೊದೆಗಳೇ ತುಂಬುತ್ತವೆ. ದಟ್ಟ ಪೊದೆಯ ನಡುವೆ ತೆರೆದ ಜಾಗಕ್ಕೆ ಸುತ್ತಲಿಂದ ಬೀಳುವುದು ಲಂಟಾನದ ಬೀಜ ಮಾತ್ರ.

ನಿಮ್ಮ ಮೂರು ಎಕರೆ ಅಂದರೆ ಸುಮಾರು 12,000 ಚದರ ಮೀಟರ್. 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕಗಳಾಗಿ ಗುರುತಿಸಿದರೆ ಮೂವತ್ತು ಚೌಕ. ಪ್ರತಿಯೊಂದಕ್ಕೂ ಅಂಕ ಕೊಡಿ: ಲಂಟಾನ ಇಲ್ಲದ್ದಕ್ಕೆ 0, ಅಲ್ಲೊಂದು ಇಲ್ಲೊಂದು ಇದ್ದರೆ 1, ಅರ್ಧದವರೆಗೆ ಇದ್ದರೆ 2, ಅದಕ್ಕೂ ಹೆಚ್ಚಾದರೆ 3. ಮೊದಲ ವರ್ಷ 1ರ ಚೌಕಗಳನ್ನು ಪೂರ್ತಿ ಶುದ್ಧ ಮಾಡಿ, 0 ಚೌಕಗಳನ್ನು ಕಾಯಿರಿ. ಆಮೇಲೆ ಅವುಗಳಿಗೆ ತಾಗಿದ 2ರ ಚೌಕಗಳು. 3ರ ಚೌಕಗಳಲ್ಲಿ ಈ ವರ್ಷ ಕೈಯಾದರೆ ಹೂಗೊಂಚಲು ಮಾತ್ರ ಸವರಿ, ಬೀಜ ಬೀಳುವುದು ತಗ್ಗುತ್ತದೆ. ಇಳಿಜಾರು, ಹಳ್ಳದ ದಂಡೆ ಇದ್ದರೆ ಅಡ್ಡಕ್ಕೆ 10 ಮೀಟರ್ ಅಗಲದ ಪಟ್ಟಿ ತೆಗೆದು ಮುಂದಿನ 10 ಮೀಟರ್ ಬಿಡಿ. ಬೇರು ಹಿಡಿಯದ ನೆಲ ಮೊದಲ ಜೋರು ಮಳೆಗೆ ಜಾರುತ್ತದೆ.

ಕೆಲಸ ಶುರುವಾಗುವ ಹಿಂದಿನ ದಿನ ಒಬ್ಬ ಗಿಡ ಬಲ್ಲವರನ್ನು ಕರೆದುಕೊಂಡು ಪೊದೆಯೊಳಗೆ ನುಗ್ಗಿ, ಬದುಕಿರುವ ಪ್ರತಿಯೊಂದು ಸ್ಥಳೀಯ ಸಸಿಗೂ ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿ. ಎಷ್ಟೋ ಕಡೆ ಲಂಟಾನದ ಜೊತೆ ಅದರಡಿ ಹತ್ತು ವರ್ಷ ಜೀವ ಹಿಡಿದುಕೊಂಡಿದ್ದ ಮರದ ಸಸಿಗಳೂ ಮಚ್ಚಿಗೆ ಬಲಿಯಾಗುತ್ತವೆ. ಅಂಥ ಒಂದು ಸಸಿ ನರ್ಸರಿಯಿಂದ ತಂದ ಹತ್ತು ಸಸಿಗಿಂತ ಬೆಲೆಯುಳ್ಳದ್ದು, ಅದರ ಬೇರು ಆಗಲೇ ಆಳಕ್ಕೆ ಇಳಿದಿರುತ್ತದೆ.

ತೆಗೆಯುವ ಕೆಲಸ ಮುಗಿದ ದಿನ ಫೋಟೊ ಹೊಡೆದು ಮನೆಗೆ ಹೋಗುವುದೇ ಹೆಚ್ಚಿನ ಪ್ರಯತ್ನಗಳು ಸೋಲುವ ಜಾಗ. ಒಂದು ದೊಡ್ಡ ಲಂಟಾನ ವರ್ಷಕ್ಕೆ ಸಾವಿರಾರು ಕಾಯಿ ಬಿಡುತ್ತದೆ. ಬೀಜ ಮಣ್ಣಿನಲ್ಲಿ ಹಲವು ವರ್ಷ ಜೀವಂತ ಇರುತ್ತದೆ. ಮೇಲಿನ ಪೊದೆ ಹೋಗಿ ಬಿಸಿಲು ಬಿದ್ದ ಕೂಡಲೇ ಅವು ಗುಂಪಾಗಿ ಮೊಳೆಯುತ್ತವೆ. ನಿಮ್ಮ ಬಳಿ ಹತ್ತು ದಿನದ ಕೂಲಿಗೆ ಹಣವಿದ್ದರೆ ನಾಲ್ಕು ದಿನವನ್ನು ಮೊದಲ ತೆಗೆತಕ್ಕೆ, ಆರು ದಿನವನ್ನು ನಂತರಕ್ಕೆ ಇಟ್ಟುಕೊಳ್ಳಿ. ಹತ್ತಕ್ಕೆ ಹತ್ತನ್ನೂ ಮೊದಲೇ ಖರ್ಚು ಮಾಡುವಂತಿದ್ದರೆ ತೆಗೆಯದೇ ಇರುವುದು ಲೇಸು. ಮೊದಲ ಮಳೆ ಬಿದ್ದು ನಾಲ್ಕರಿಂದ ಆರು ವಾರಕ್ಕೆ, ಸಸಿ ಗೇಣುದ್ದ ಇರುವಾಗ, ಮೊದಲ ಸುತ್ತು ಕೀಳಬೇಕು. ಅದೇ ಮಳೆಗಾಲದಲ್ಲಿ ಇನ್ನೆರಡು ಸುತ್ತು. ಎರಡನೇ ವರ್ಷ ಎರಡು ಸುತ್ತು, ಮೂರರಿಂದ ಐದನೇ ವರ್ಷದವರೆಗೆ ವರ್ಷಕ್ಕೊಂದು. ಗಿಡ ಹೂ ಬಿಡುವ ಮುನ್ನ ಕೈಗೆ ಸಿಗಬೇಕು ಎಂಬುದೇ ಲೆಕ್ಕ. ಎಲ್ಲೆಡೆ ಸಮನಾಗಿ ಹುಡುಕಬೇಡಿ. ಹಣ್ಣು ತಿಂದ ಪಿಕಳಾರ, ಗೊರವಂಕಗಳು ಬಂದು ಕೂರುವ ಒಂಟಿ ಮರ, ಬೇಲಿಗೂಟ, ತಂತಿಗಳ ಅಡಿಯಲ್ಲಿ ಸಸಿಗಳು ರಾಶಿಯಾಗಿ ಸಿಗುತ್ತವೆ.

ನೆಲ ಮುಚ್ಚುವ ಕೆಲಸವನ್ನು ಅದೇ ಮಳೆಗಾಲದಲ್ಲಿ ಮಾಡಬೇಕು. ಮರಕ್ಕಿಂತ ಮೊದಲು ಹುಲ್ಲು. ಹಿಂದಿನ ಋತುವಿನಲ್ಲಿ, ನಿಮ್ಮ ಜಾಗದ ಹತ್ತಿರವೇ ಉಳಿದಿರುವ ಹುಲ್ಲುಗಾವಲಿನಿಂದ ಎರಡು ಮೂರು ಜಾತಿಯ ಬಹುವಾರ್ಷಿಕ ಹುಲ್ಲಿನ ಬಲಿತ ತೆನೆ ಸಂಗ್ರಹಿಸಿ ಒಣಗಿಸಿ ಇಡಿ. ಕೊಯ್ದ ಕೂಡಲೇ ಬಿತ್ತಿದರೆ ಎಷ್ಟೋ ಹುಲ್ಲುಗಳ ಬೀಜ ಮೊಳೆಯುವುದಿಲ್ಲ, ಅವಕ್ಕೆ ಕೆಲವು ತಿಂಗಳ ನಿದ್ರೆ ಬೇಕು. ಒಂದು ಪಾಲು ಬೀಜಕ್ಕೆ ಮೂರು ಪಾಲು ಜರಡಿ ಹಿಡಿದ ಮಣ್ಣು ಬೆರೆಸಿದರೆ ಕೈಯಿಂದ ಸಮನಾಗಿ ಎರಚಲು ಬರುತ್ತದೆ. ಮೊದಲ ಮಳೆಗಳ ಜೊತೆ ಎರಚಿ, ಮುಳ್ಳುಕೊಂಬೆಯೊಂದನ್ನು ಎಳೆದು ಮಣ್ಣಿನಲ್ಲಿ ತುಸುವೇ ಬೆರೆಸಿ. ಬೀಜ ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ. ಎರಡು ಮಳೆಗಾಲ ದನಕರು ಬಿಡಬಾರದು. ಇದನ್ನು ಒಪ್ಪಿಸುವುದು ಗುದ್ದಲಿ ಕೆಲಸಕ್ಕಿಂತ ಕಷ್ಟ, ಆದರೆ ಮೆಯ್ದು ಬರಿದಾದ ನೆಲ ಮತ್ತೆ ಲಂಟಾನದ್ದೇ.

ಗಿಡ ನೆಡುವ ಆತುರ ಬೇಡ. ಒಂದು ಮಳೆಗಾಲ ಕಾದು, ತಾನಾಗಿ ಏನು ಬಂದಿದೆ ನೋಡಿ. ಬಾರದ ಕಡೆ ಮಾತ್ರ ಆ ಕಾಡಿನದೇ ಜಾತಿಗಳನ್ನು ನೆಡಿ. ಬೇಗ ಹಸಿರಾಗಲಿ ಎಂದು ಸುಬಾಬುಲ್, ಅಕೇಶಿಯ, ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ತಂದರೆ ಒಂದು ಆಕ್ರಮಣಕಾರಿಯನ್ನು ತೆಗೆದು ಇನ್ನೊಂದನ್ನು ನೆಟ್ಟಂತೆ. ಸೆನ್ನಾ ಹೀಗೆ ನೆರಳಿಗೂ ಚೆಂದಕ್ಕೂ ನೆಟ್ಟದ್ದೇ, ಇಂದು ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆ ಸುತ್ತಿನ ಕಾಡುಗಳ ದೊಡ್ಡ ತಲೆನೋವು.

ನಿಮ್ಮಲ್ಲಿ ಬಂದಿರುವ ಪಾರ್ಥೇನಿಯಂಗೆ ವಿಧಾನ ಬೇರೆ, ಏಕೆಂದರೆ ಅದು ಒಂದೇ ಋತುವಿನ ಗಿಡ. ಅದರ ಬಲವೆಲ್ಲ ಬೀಜದಲ್ಲಿದೆ. ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಮೊಳೆತು ಒಂದೂವರೆ ತಿಂಗಳೊಳಗೇ ಹೂ ಬರಬಹುದು. ಎಲೆಗಳು ನೆಲಕ್ಕೆ ಅಂಟಿ ವೃತ್ತದಂತೆ ಹರಡಿರುವ ಹಂತದಲ್ಲೇ, ಮಳೆ ಬಿದ್ದ ಮೇಲೆ, ಬೇರು ಸಮೇತ ಕೀಳಿ. ಮೇಲೆ ಸವರಿದರೆ ಬುಡದಿಂದ ಕವಲೊಡೆದು ಗಿಡ್ಡವಾಗಿಯೇ ಹೂ ಬಿಡುತ್ತದೆ. ಕೈಗವಸು, ಪೂರ್ತಿ ತೋಳಿನ ಅಂಗಿ, ಮೂಗಿಗೆ ಮಾಸ್ಕ್ ಕಡ್ಡಾಯ: ಇದರಿಂದ ಬರುವ ಚರ್ಮದ ಅಲರ್ಜಿ ಒಮ್ಮೆ ಹಿಡಿದರೆ ಬಿಡುವುದು ಕಷ್ಟ, ಪರಾಗದಿಂದ ಉಬ್ಬಸವೂ ಬರುತ್ತದೆ. ಹೂವಿಗೆ ಮುಂಚೆ ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಹೂ ಬಂದದ್ದನ್ನು ಹಾಕಬಾರದು. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೊಗ್ರಾಮಾ ಜೀರುಂಡೆ ಮಳೆಗಾಲದಲ್ಲಿ ಎಲೆ ತಿಂದು ಗಿಡವನ್ನು ಬೋಳಿಸುತ್ತದೆ. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಪಟ್ಟೆಗಳಿರುವ ಆ ಹುಳು ಕಂಡರೆ ಹಾಗೇ ಬಿಡಿ. ಆದರೆ ಒಣ ತಿಂಗಳುಗಳಲ್ಲಿ ಅದು ಮಣ್ಣಿನೊಳಗೆ ನಿದ್ರಿಸುತ್ತದೆ, ಅದನ್ನೇ ನಂಬಿ ಕೂರುವಂತಿಲ್ಲ. ಹುಲ್ಲು ದಟ್ಟವಾಗಿ ಬಂದ ನೆಲದಲ್ಲಿ ಪಾರ್ಥೇನಿಯಂ ತಾನಾಗಿ ತೆಳುವಾಗುತ್ತದೆ.

ಲಂಟಾನಕ್ಕೂ ಅಂಥ ಹುಳು ಇಲ್ಲವೇ ಎಂದು ನೀವು ಕೇಳಬಹುದು. 1902ರಲ್ಲೇ ಮೆಕ್ಸಿಕೋದಿಂದ ಹವಾಯಿಗೆ ಕೀಟಗಳನ್ನು ತಂದು ಬಿಟ್ಟರು, ಆಮೇಲೆ ಎಷ್ಟೋ ದೇಶಗಳಲ್ಲಿ ಹತ್ತಾರು ಕೀಟಗಳ ಪ್ರಯತ್ನ ನಡೆಯಿತು. ಪೂರ್ಣ ಯಶಸ್ಸು ಎಲ್ಲೂ ಸಿಗಲಿಲ್ಲ. ಅಮೆರಿಕ ಖಂಡದ ಈ ಗಿಡವನ್ನು ಯುರೋಪಿನ ತೋಟಗಳಲ್ಲಿ ಬಣ್ಣಕ್ಕಾಗಿ ಬೆರಕೆ ಮಾಡಿ ನೂರಾರು ತಳಿ ಮಾಡಿದ್ದರು. ಇಂದು ಕಾಡಿನಲ್ಲಿರುವುದು ಆ ಬೆರಕೆಗಳ ಸಂತತಿ. ಒಂದು ಬಗೆಯನ್ನು ತಿನ್ನುವ ಕೀಟ ಇನ್ನೊಂದನ್ನು ಮುಟ್ಟುವುದಿಲ್ಲ. ಗಿಡದ ಗುರುತು ಖಚಿತವಾಗಿದ್ದಾಗ ಕೀಟ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಪಾಪಾಸುಕಳ್ಳಿ ಸಾಕ್ಷಿ. ಆಸ್ಟ್ರೇಲಿಯಾದಲ್ಲಿ ಕೋಟಿಗಟ್ಟಲೆ ಎಕರೆ ಹಬ್ಬಿದ್ದ ಕಳ್ಳಿಯನ್ನು ಅರ್ಜೆಂಟೀನಾದಿಂದ ತಂದು 1926ರಲ್ಲಿ ಬಿಟ್ಟ ಕ್ಯಾಕ್ಟೊಬ್ಲಾಸ್ಟಿಸ್ ಪತಂಗದ ಮರಿಹುಳುಗಳು ಏಳೆಂಟು ವರ್ಷದಲ್ಲಿ ಮುಗಿಸಿದವು. ನೀರಿನ ಕಳೆ ಸಾಲ್ವಿನಿಯಾದಲ್ಲಿ ಮೊದಲು ಆದದ್ದು ಸೋಲು, ಏಕೆಂದರೆ ಅದನ್ನು ಬೇರೆ ಜಾತಿ ಎಂದು ತಿಳಿದು ಆ ಜಾತಿಯ ಕೀಟಗಳನ್ನು ತಂದಿದ್ದರು. ನಿಜವಾದ ತವರು ಬ್ರೆಜಿಲ್‌ನಲ್ಲಿ ಪತ್ತೆಯಾಗಿ, ಅಲ್ಲಿನ ಮೂತಿಹುಳುವನ್ನು 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರಾ ಕೆರೆಗೆ ಬಿಟ್ಟ ಮೇಲೆ ಒಂದೆರಡು ವರ್ಷದಲ್ಲಿ ನೀರು ಕಂಡಿತು. ಇವೆಲ್ಲ ವರ್ಷಗಳ ಪರೀಕ್ಷೆಯ ನಂತರ ಸಂಸ್ಥೆಗಳು ಮಾಡುವ ಕೆಲಸ, ಖಾಸಗಿಯಾಗಿ ಯಾರೂ ಕೀಟ ತರಬಾರದು.

ಕಳೆನಾಶಕದ ಬಗ್ಗೆ ಒಂದೇ ಮಾತು. ಕಡಿದ ಬುಡಕ್ಕೆ ಹಚ್ಚುವ ಔಷಧ ಕೆಲಸ ಮಾಡಬೇಕಾದರೆ ಕಡಿದ ಕೂಡಲೇ ಹಚ್ಚಬೇಕು, ಹೊತ್ತು ಕಳೆದರೆ ಗಾಯ ಮುಚ್ಚಿ ಒಳಗೆ ಇಳಿಯುವುದಿಲ್ಲ. ಹತ್ತು ಹನ್ನೆರಡು ಜನರ ಕೈಯಿರುವ ಮೂರು ಎಕರೆಗೆ, ಅದೂ ಕಾಡಂಚಿನಲ್ಲಿ, ಅದರ ಅಗತ್ಯ ನನಗೆ ಕಾಣುವುದಿಲ್ಲ. ಬೇರು ಕಡಿತ ಸಾಕು.

ಕಡ್ಡಿಯನ್ನು ಬಳಸಬಹುದೇ? ಖಂಡಿತ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿಗಳನ್ನು ಮಾಡುತ್ತಾರೆ. ಆದರೆ ಪೀಠೋಪಕರಣಕ್ಕೆ ಬೇಕಾದ ದಪ್ಪದ ಕಡ್ಡಿ ಮಾತ್ರ ಕೊಯ್ದು ಬುಡ ಬಿಟ್ಟರೆ ಅದು ಬೆಳೆ ಕೊಯ್ದಂತೆ ಆಗುತ್ತದೆ, ಮುಂದಿನ ವರ್ಷಕ್ಕೆ ಮತ್ತೆ ಅಷ್ಟೇ ಕಡ್ಡಿ. ಬುಡ ತೆಗೆದ ಗಿಡದಿಂದಲೇ ಕಡ್ಡಿ ಎಂಬ ಷರತ್ತು ಹಾಕಿಕೊಳ್ಳಿ.

ಇನ್ನೊಂದು ಕಾಳಜಿ. ನಿಮ್ಮ 0 ಚೌಕಗಳಲ್ಲಿ ಗುರುತಾಗದ ಹೊಸ ಗಿಡವೊಂದು ಕಂಡರೆ ಅದನ್ನು ಲಂಟಾನಕ್ಕಿಂತ ತುರ್ತು ಎಂದು ತಿಳಿಯಿರಿ. ಟಹೀಟಿಗೆ 1937ರಲ್ಲಿ ಒಂದು ಸಸ್ಯೋದ್ಯಾನಕ್ಕೆ ಚೆಂದದ ದೊಡ್ಡ ಎಲೆಗಾಗಿ ತಂದ ಮೈಕೋನಿಯಾ ದಶಕಗಳ ಕಾಲ ಯಾರ ಗಮನಕ್ಕೂ ಬರಲಿಲ್ಲ. ಕಾಡಿನಲ್ಲಿ ಅದು ಎದ್ದು ಕಾಣುವ ಹೊತ್ತಿಗೆ ಕೈಮೀರಿತ್ತು, ಇಂದು ದ್ವೀಪದ ಸುಮಾರು ಮೂರನೇ ಎರಡು ಭಾಗದಲ್ಲಿದೆ. ಹತ್ತು ಸಸಿ ಇರುವಾಗ ಒಬ್ಬರ ಅರ್ಧ ದಿನದ ಕೆಲಸ ಅದು.

ಈ ವರ್ಷದ ಮಟ್ಟಿಗೆ ಹೀಗೆ ಮಾಡಿ. ಜೆಸಿಬಿ ಭಾಗದಲ್ಲಿ ದೊಡ್ಡ ಬುಡಗಳಿಲ್ಲ, ಬೀಜದ ಸಸಿಗಳಿವೆ. ಅವಕ್ಕೆ ಈಗ ಎರಡು ವರ್ಷ, ಹೂ ಬಿಟ್ಟಿರಬಹುದು. ಮೊದಲ ಮಳೆ ಬಿದ್ದ ವಾರದಲ್ಲೇ ಅಲ್ಲಿಂದ ಶುರು ಮಾಡಿ: ಪಾರ್ಥೇನಿಯಂ ಕಿತ್ತು, ಲಂಟಾನ ಸಸಿ ಎಳೆದು, ಅದೇ ದಿನ ಹುಲ್ಲಿನ ಬೀಜ ಎರಚಿ. ಮಚ್ಚಿನಿಂದ ಕಡಿದ ಭಾಗದಲ್ಲಿ ಐದಾರು ಕಾಂಡದ ಪ್ರತಿ ಪೊದೆಗೂ ಒಂದೇ ಗಂಟು ಇರುತ್ತದೆ, ಕಾಂಡ ಎಣಿಸಿ ಹೆದರಬೇಡಿ, ಗಂಟು ಎಣಿಸಿ. ಶುರು ಮಾಡುವ ಮುನ್ನ ಹತ್ತು ಕಡೆ ಒಂದು ಮೀಟರ್ ಚೌಕ ಗೂಟ ನೆಟ್ಟು, ಒಳಗೆ ಎಷ್ಟು ಲಂಟಾನ ಸಸಿ, ಎಷ್ಟು ಪಾರ್ಥೇನಿಯಂ, ಎಷ್ಟು ಸ್ಥಳೀಯ ಸಸಿ, ಎಷ್ಟು ಭಾಗ ಹುಲ್ಲು ಎಂದು ಬರೆದಿಡಿ. ಪ್ರತಿ ವರ್ಷ ಅದೇ ವಾರದಲ್ಲಿ ಮತ್ತೆ ಎಣಿಸಿ. ಲಂಟಾನ ಇಳಿದು ಹುಲ್ಲು ಏರದಿದ್ದರೆ, ಮುಂದಿನ ಚೌಕಕ್ಕೆ ಹೋಗುವುದನ್ನು ಅಲ್ಲಿಗೇ ನಿಲ್ಲಿಸಿ, ತೆಗೆದ ಜಾಗಕ್ಕೆ ಮರಳಿ ಬಿತ್ತನೆ ಮಾಡಿ.